ಪ್ರೈಮರ್ ತೆಳುವಾದದ್ದು

ಎಂದಿನಂಥ ಒಂದು ಮಂಗಳವಾರ, ಪುರಂದರಯ್ಯನವರ ಕೆಲಸದ ಮೇಜಿನ ಮುಂದೆ ಅವರ ತಂಗಿ ಸುನೀತಿ ಬಂದು ಕುಳಿತರು. ತೀರಿಕೊಂಡ ಅಣ್ಣ ಅರ್ಧಕ್ಕೆ ಬಿಟ್ಟಿದ್ದ ಪುಟ್ಟ ಮಾದರಿ ರೈಲು ಎಂಜಿನ್ನಿಗೆ ಬಣ್ಣಕ್ಕೆ ಮೊದಲು ಪ್ರೈಮರ್ ಹಾಕಬೇಕಿತ್ತು.

"ನನಗೆ ಯಾರ ಜೊತೆಯೂ ಬೇಡ," ಎಂದಿತು ಡಬ್ಬಿಯ ಗಟ್ಟಿ ಪ್ರೈಮರ್. "ಒಂದೇ ಸಲಕ್ಕೆ ಮುಚ್ಚಿಬಿಡುತ್ತೇನೆ."

"ಆಗ ನನ್ನ ಮೈಮೇಲಿನ ಗುಂಡುಮೊಳೆಯಂಥ ರಿವೆಟ್‌ಗಳೂ ಮುಚ್ಚಿಹೋಗುತ್ತವೆ," ಎಂದಿತು ಎಂಜಿನ್. "ಅವನ್ನು ಸೂಜಿಮೊನೆಯಿಂದ ಕೂರಿಸಿದ ಕೈ ಈಗಿಲ್ಲ."

"ನನ್ನ ಮೂಗೂ ಕಟ್ಟುತ್ತದೆ. ನಿನ್ನನ್ನು ತೆಳುಮಾಡುವ ಥಿನ್ನರ್‌ನನ್ನು ಕರೆದುಕೊಂಡು ಬಾರಪ್ಪ," ಎಂದಿತು ಬಣ್ಣ ಸಿಂಪಡಿಸುವ ಏರ್‌ಬ್ರಷ್.

"ಅವನನ್ನೇ? ಮುಚ್ಚಳ ತೆಗೆದರೆ ಸಾಕು, ಗಾಳಿಯ ಜೊತೆ ಓಡುವವನು," ಎಂದಿತು ಪ್ರೈಮರ್.

"ಹೋಗುವವನೇ ನಾನು, ನಿಜ," ಎಂದಿತು ಥಿನ್ನರ್. "ನಿನ್ನನ್ನು ಎಂಜಿನ್ ಮೇಲೆ ಸಮವಾಗಿ ಕೂರಿಸಿ ಹೋಗುತ್ತೇನೆ. ಉಳಿಯುವವನು ನೀನೇ."

ಸುನೀತಿ ಮೊದಲು ಹಳೆಯ ಚಮಚವೊಂದರ ಮೇಲೆ ಬರೀ ಪ್ರೈಮರನ್ನೇ ಸಿಂಪಡಿಸಿ ನೋಡಿದರು. ಅದು ಉಂಡೆಯುಂಡೆಯಾಗಿ ಬಿದ್ದಿತು. ಏರ್‌ಬ್ರಷ್ ಕೆಮ್ಮಿ ನಿಂತಿತು.

ಪ್ರೈಮರ್ ಚಮಚದ ಮೇಲಿನ ಉಂಡೆಗಳನ್ನು ನೋಡಿತು. ಆಮೇಲೆ, "ಬಾರಯ್ಯ," ಎಂದು ಥಿನ್ನರ್‌ನನ್ನು ಕರೆಯಿತು.

ಸುನೀತಿ ಏರ್‌ಬ್ರಷ್ ತೊಳೆದು, ಪ್ರೈಮರ್, ಥಿನ್ನರ್ ಎರಡನ್ನೂ ಹಾಲಿನಷ್ಟು ತೆಳುವಾಗುವವರೆಗೆ ಕಲಸಿದರು. ಒಂದು ಪದರ ಆರಿದ ಮೇಲೆ ಇನ್ನೊಂದನ್ನು ಎಂಜಿನ್ ಮೇಲೆ ಮಂಜಿನಂತೆ ಹಾಯಿಸಿದರು.

ಸಂಜೆಗೆ ಎಂಜಿನ್ ಮೇಲೆ ಥಿನ್ನರ್‌ನ ವಾಸನೆಯೂ ಉಳಿದಿರಲಿಲ್ಲ. ರಿವೆಟ್‌ಗಳು ಒಂದೊಂದೂ ಕಾಣುತ್ತಿದ್ದವು.