ಹೊಳಪು ಮಾಸದ ತಂತಿ

ಇಗರ್ಜಿಯಲ್ಲಿ ಗಿಟಾರು ನುಡಿಸುವ ಜೆಸಿಂತಾಬಾಯಿಯ ಕೈ ವಿಪರೀತ ಬೆವರುತ್ತಿತ್ತು. ಅದಕ್ಕೇ, ಬಹುಕಾಲ ಬಾಳಿಕೆ ಬರಲಿ ಎಂದು ಆಕೆ ಮೈಗೆ ತೆಳ್ಳನೆಯ ಲೇಪನವಿದ್ದ ಆರು ತಂತಿಗಳನ್ನೇ ಆರಿಸಿ ಕಟ್ಟಿದ್ದಳು. ಎರಡು ವರ್ಷ ಕಳೆದರೂ ಒಂದಕ್ಕೂ ತುಕ್ಕು ಹಿಡಿಯಲಿಲ್ಲ. ಒಂದು ದಿನ ನಾಲ್ಕನೆಯದು ಪಟ್ಟನೆ ಹರಿಯಿತು. ಅಂಗಡಿಯಲ್ಲಿ ಅಂಥದೇ ಬಿಡಿ ತಂತಿ ಸಿಗಲಿಲ್ಲ. ಲೇಪನವಿಲ್ಲದ ಬರೀ ಕಂಚಿನದನ್ನು ತಂದು ಬಿಗಿದಳು.

ಪಕ್ಕದ ಐದನೇ ತಂತಿಗೆ ಅದನ್ನು ನೋಡಿಯೇ ಮೈ ಉರಿಯಿತು. "ಮೇಲೊಂದು ಹೊದಿಕೆಯೂ ಇಲ್ಲದೆ ಬಂದಿದ್ದೀಯಲ್ಲ. ಈಕೆಯ ಬೆವರಿಗೆ ತಿಂಗಳೊಳಗೆ ಕಪ್ಪಾಗುತ್ತೀಯ. ನಾನು ಬಂದ ದಿನ ಹೇಗಿದ್ದೆನೋ ಹಾಗೇ ಇದ್ದೇನೆ."

"ಇರಬಹುದು, ಅಕ್ಕಾ," ಎಂದಿತು ಹೊಸ ತಂತಿ.

ಶ್ರುತಿ ಸೇರಿಸಲು ಜೆಸಿಂತಾಬಾಯಿ ಐದನೆಯದನ್ನು ಗಿಟಾರಿನ ಕೊರಳ ಮೇಲಿನ ಐದನೇ ಮನೆಯಲ್ಲಿ ಒತ್ತಿ ಮೀಟಿದಳು, ಬೆನ್ನಿಗೇ ನಾಲ್ಕನೆಯದನ್ನು ಒತ್ತದೆ ಮೀಟಿದಳು. ಎರಡೂ ಒಂದೇ ಸ್ವರ ಕೊಡಬೇಕು. ಮೊದಲು ಡಬ್ಬ ತಟ್ಟಿದಂಥ ಸದ್ದು ಬಂತು, ಆಮೇಲೆ ಗಂಟೆಯಂಥ ದನಿ.

ಐದನೇ ತಂತಿ ಬೆಚ್ಚಿಬಿತ್ತು. "ಮೊದಲು ಕೆಮ್ಮಿದವರು ಯಾರು?"

"ನೀವೇ, ಅಕ್ಕಾ."

ಅದು ನಡುಗುತ್ತಲೇ ಆರನೇ ತಂತಿಯ ಕಡೆ ತಿರುಗಿತು. "ನನ್ನ ದನಿ ಹೋಗಿದೆ ಎಂದು ನೀನಾದರೂ ಹೇಳಬಾರದಿತ್ತೇ?"

"ನನಗೆಲ್ಲಿ ಗೊತ್ತಾಗಬೇಕು? ನಮ್ಮೆಲ್ಲರದೂ ಸ್ವಲ್ಪ ಸ್ವಲ್ಪವಾಗಿ ಒಟ್ಟಿಗೇ ಹೋಗಿದೆ."

ಜೆಸಿಂತಾಬಾಯಿಯ ಕೈ ನಿಂತೇಬಿಟ್ಟಿತ್ತು. ಇಷ್ಟು ದಿನ ದೇವರ ಮುಂದೆ ಇದನ್ನೇ ನುಡಿಸಿದೆನಲ್ಲ ಎಂದುಕೊಂಡಳು. ಹಳೆಯ ಐದೂ ತಂತಿಗಳನ್ನು ಬಿಚ್ಚಿ ಸುರುಳಿ ಸುತ್ತಿದಳು.

ಕಸದ ಬುಟ್ಟಿಗೆ ಬೀಳುವಾಗಲೂ ಐದನೇ ತಂತಿ ಹೊಸದರಂತೆಯೇ ಹೊಳೆಯುತ್ತಿತ್ತು.