ಪಲ್ಲಕ್ಕಿಗಳ ಬೇರೆ ದೇಶ

ಪಲ್ಲಕ್ಕಿ ಹೊರುವ ಜೀತಕ್ಕೆ ಇನ್ನು ಮುಂದೆ ಹೊಸದಾಗಿ ಯಾರನ್ನೂ ಹಿಡಿದು ತರಬಾರದು ಎಂದು ಗಾಡಿ-ಪಲ್ಲಕ್ಕಿಗಳನ್ನು ನಿಲ್ಲಿಸುವ ಬಂಡಿಖಾನೆಯ ಯಜಮಾನನಾದ ಹಳೆಯ ಎತ್ತಿನಗಾಡಿ ಹೇಳಿದ್ದೇ ತಡ, ಅಲ್ಲಿದ್ದ ಏಳೂ ಪಲ್ಲಕ್ಕಿಗಳು ಸಿಟ್ಟಿಗೆದ್ದವು.

“ಇದು ನಮ್ಮ ಸ್ವಾತಂತ್ರ್ಯಕ್ಕೇ ಕೈಹಾಕಿದಂತೆ. ನಾವು ಬೇರೆ ದೇಶ ಕಟ್ಟುತ್ತೇವೆ,” ಎಂದಿತು ಹಿರಿಯ ಪಲ್ಲಕ್ಕಿ.

“ಯಾರ ಸ್ವಾತಂತ್ರ್ಯ?” ಬೆಳಗಿನಿಂದ ನಾಲ್ಕನೆಯ ಸಲ ಕೇಳಿತು ಗಾಡಿ.

“ನಮ್ಮದು. ಹೊರಿಸಿಕೊಳ್ಳುವುದು ನಮ್ಮ ಹುಟ್ಟುಹಕ್ಕು.”

ಗಾಡಿಗೆ ಕೇಳಿ ಕೇಳಿ ಸಾಕಾಗಿತ್ತು. “ಸರಿ ಮಹಾರಾಯರೇ, ಬಾಗಿಲು ತೆರೆದೇ ಇದೆ. ಹೊರಡಿ.”

ಪಲ್ಲಕ್ಕಿಗಳು ಹೊಸ ಬಾವುಟ ಏರಿಸಿಕೊಂಡು ಗಂಭೀರವಾಗಿ ಕಾದವು. ಒಂದೂ ಕದಲಲಿಲ್ಲ. ಕೊನೆಗೆ ಹಿರಿಯ ಪಲ್ಲಕ್ಕಿ ಮೂಲೆಯಲ್ಲಿ ಕೂತಿದ್ದ ಜೀತದಾಳುಗಳನ್ನು ಗದರಿತು: “ಏನು ನೋಡುತ್ತಾ ಕೂತಿದ್ದೀರಿ? ನಮ್ಮನ್ನು ಹೊತ್ತುಕೊಂಡು ನಮ್ಮ ಸ್ವತಂತ್ರ ದೇಶಕ್ಕೆ ನಡೆಯಿರಿ.”

ಆಳುಗಳು ಎದ್ದರು. ಹೆಗಲ ಬಟ್ಟೆ ಕೊಡವಿಕೊಂಡು, ತೆರೆದಿದ್ದ ಬಾಗಿಲಿನಿಂದ ತಾವೇ ನಡೆದು ಹೋದರು.