ಹಸಿದ ಮಂಟಪ

ಕೆಂಗುಂಟೆ ದಿಬ್ಬದ ನೆತ್ತಿಯಲ್ಲಿ ಇಂದಿಗೂ ಒಂದು ಕಲ್ಲುಮಂಟಪ ನಿಂತಿದೆ. ಅದರ ಹೆಸರು ಹಸಿದ ಮಂಟಪ. ಹೋದಬಂದವರೆಲ್ಲ ಬರಗಾಲದ ಕಥೆ ಇರಬೇಕೆಂದು ತಾವೇ ಹೊಸೆದುಕೊಂಡು, ಅದನ್ನು ನನಗೇ ತಿರುಗಿ ಹೇಳಿ ತಲೆ ಚಿಟ್ಟು ಹಿಡಿಸಿದ್ದಾರೆ. ಈ ಸೀಮೆಯಲ್ಲಿ ನಿಜ ಬಲ್ಲವನು ನಾನೊಬ್ಬನೇ.

ಹಿಂದೆ ಒಮ್ಮೆ ಗುಜ್ಜಲ ನಾಯಕನೆಂಬ ಪಾಳೆಯಗಾರ ಇದನ್ನು ಕಟ್ಟಿಸಹೊರಟ. ದೇವರ ಪಲ್ಲಕ್ಕಿ ನೇರ ಒಳಗೆ ಬರಬೇಕು, ನಡುವೆ ಕಂಬವಿರಕೂಡದು ಎಂಬುದು ಅವನ ಹಟ. ತೊಲೆ ಏರಿಸಿ ಚಾವಣಿ ಹೊದಿಸಿದ ಕಲ್ಲುಕುಟಿಗ ಅದರಡಿ ಕೂತು ಒಂದು ಊಟ ಮುಗಿಸಿದರಷ್ಟೇ ಕೆಲಸ ಒಪ್ಪಿತ, ಆಮೇಲೆಯೇ ದೇವರು ಒಳಗೆ, ಎಂಬುದು ಆಗಿನ ಕಟ್ಟಳೆ. ಕಲ್ಲುಕುಟಿಗ ಸಣ್ಣೀರಪ್ಪ ಇಪ್ಪತ್ತು ಮೊಳದ ಕೆಂಗಲ್ಲ ತೊಲೆ ಏರಿಸಿ ಊಟಕ್ಕೆ ಕೂತ. ತುತ್ತು ಮುರಿಯುವಷ್ಟರಲ್ಲಿ ತೊಲೆ ಟಣ್ಣೆಂದು ಬಿರಿಯಿತು. ಅವನು ಹಾರಿ ಬದುಕಿದ, ಮುದ್ದೆ ಅಪ್ಪಚ್ಚಿಯಾಯಿತು. ಆ ಸದ್ದಿಗೆ ಹತ್ತು ಹರದಾರಿ ದೂರದ ಎಮ್ಮೆಗಳ ಹಾಲು ಬತ್ತಿತು ಎನ್ನುತ್ತಾರೆ. ಎಂಟೇ ಹರದಾರಿ, ಉತ್ಪ್ರೇಕ್ಷೆ ನನಗಾಗದು. “ನಿನ್ನ ಕಲ್ಲೇ ಸೋಮಾರಿ, ಬೇರೆ ತಾ” ಎಂದ ನಾಯಕ. ಆರು ತಿಂಗಳು ಬೆವರು ಸುರಿಸಿ ಕರಿಗಲ್ಲು ತಂದರೆ ಅದೂ ಬಿರಿಯಿತು. ಎರಡನೇ ಮುದ್ದೆಯೂ ಹೋಯಿತು.

ಸಣ್ಣೀರಪ್ಪನ ಹೆಂಡತಿ ಚಿತ್ತಮ್ಮನಿಗೆ ತಡೆಯದಾಯಿತು. ನಾಯಕನೆದುರು ನಿಂತಳು. “ಕಲ್ಲು ಸೋಮಾರಿಯಲ್ಲ ಬುದ್ಧೀ. ನಿಲ್ಲಿಸಿದ್ರೆ ಆನೇನೂ ಹೊರ್ತದೆ. ಅಡ್ಡ ಮಲಗಿಸಿ ಹೇರಿದ್ರೆ ನಡು ಬಗ್ಗಿ ಕೆಳಹೊಟ್ಟೆ ಜಗ್ತದೆ, ಆ ಜಗ್ಗಾಟ ಯಾವ ಕಲ್ಲೂ ತಡೆಯಲ್ಲ. ನಡುಗಂಬ ಬ್ಯಾಡಾಂದ್ರೆ ಅಕ್ಕಪಕ್ಕದ ಕಂಬಗಳ ತಲೆಯಿಂದ ಕೈ ಚಾಚಿಸಿ, ತೊಲೆಗೆ ಆಸರೆ ಹತ್ತಿರವಾಗ್ಲಿ. ಇಲ್ಲಾಂದ್ರೆ ಮೂರನೇ ಊಟಕ್ಕೆ ತಾವೇ ಕೂರಿ.” ನಾಯಕನಿಗೆ ಆ ದಿನ ಹಸಿವಿರಲಿಲ್ಲವಂತೆ, ಒಪ್ಪಿದ.

ಕಂಬಗಳು ಕೈ ಚಾಚಿದವು. ಮೂರನೇ ತೊಲೆ ಮಿಸುಕಲಿಲ್ಲ. ಸಣ್ಣೀರಪ್ಪ ಕೂತ, ಆದರೆ ಕಿವಿಯೆಲ್ಲ ಮೇಲೆ, ತುತ್ತು ಗಂಟಲಿಳಿಯದು. “ಉಣ್ಣಯ್ಯಾ, ಮುದ್ದೆ ಕಲ್ಲಾಯ್ತು!” ಎಂದಳು ಚಿತ್ತಮ್ಮ. “ಆ ಕಲ್ಲು ತಲೆ ಮೇಲೆ ಬೀಳಲ್ವಲ್ಲ, ಸುಮ್ನಿರೇ” ಎಂದವನು ಹೊತ್ತಿಳಿಯುವವರೆಗೂ ಕೂತು, ಕೊನೆಗೆ ಗಂಗಳ ಎತ್ತಿಕೊಂಡು ಹೊರಗೆ ಬಂದು ಗಬಗಬನೆ ಉಂಡ. ಊಟ ಒಳಗೆ ಮುಗಿಯಲಿಲ್ಲ, ಕೆಲಸ ಒಪ್ಪಿತವಲ್ಲ ಎಂದುಬಿಟ್ಟ ನಾಯಕ.

ಇಂದು ಹೋದವರಿಗೆ ಕಾಣುವುದು ಕೈ ಚಾಚಿದ ಎರಡು ಕಂಬ, ಕೂದಲೆಳೆಯಷ್ಟೂ ಬಿರಿಯದ ತೊಲೆ, ಅದರಡಿ ದೇವರೇ ಕೂರದ ಬರಿಯ ಪೀಠ. ಬುತ್ತಿ ತಂದವರು ಒಮ್ಮೆ ಮೇಲೆ ನೋಡಿ, ಹೊರಗಿನ ಬಿಸಿಲಿನಲ್ಲೇ ಕೂತು ಉಣ್ಣುತ್ತಾರೆ. ಹೇಡಿಗಳು! ಕಳೆದ ಸಲ ನಾನೂ ಹೊರಗೇ ಉಂಡೆ, ಅದು ಗಾಳಿ ಚೆನ್ನಾಗಿತ್ತೆಂದು.